ರಿಟರ್ನ್ ತುಂಬುವ ತಂತ್ರಾಂಶಕ್ಕೆ ದುಬೈಯ ಖಾತೆ ಗೊತ್ತಿಲ್ಲ

2025ರ ನವೆಂಬರ್ 28ರಿಂದ ಕೆಲವರ ಮೊಬೈಲಿಗೆ, ಈಮೇಲಿಗೆ ಆದಾಯ ತೆರಿಗೆ ಇಲಾಖೆಯ ಸಂದೇಶವೊಂದು ಬರತೊಡಗಿತು. ನಿಮಗೆ ವಿದೇಶದಲ್ಲಿ ಖಾತೆ ಅಥವಾ ಆಸ್ತಿ ಇರುವ ಮಾಹಿತಿ ನಮಗೆ ಬಂದಿದೆ, ರಿಟರ್ನ್‌ನಲ್ಲಿ ಅದು ಕಾಣುತ್ತಿಲ್ಲ, 2025ರ ಡಿಸೆಂಬರ್ 31ರೊಳಗೆ ಪರಿಶೀಲಿಸಿ ಸರಿಪಡಿಸಿ ಎನ್ನುವುದು ಅದರ ಸಾರ. ಇದು ನೋಟಿಸ್ ಅಲ್ಲ. ಇಲಾಖೆ ಇದನ್ನು ‘ನಜ್’ ಎಂದು ಕರೆಯುತ್ತದೆ, ಅಂದರೆ ಮೆಲ್ಲಗೆ ಮೊಣಕೈಯಿಂದ ತಿವಿದು ಎಚ್ಚರಿಸುವುದು. ಅದರ ಹಿಂದಿನ ವರ್ಷವೂ ಹೀಗೆ ತಿವಿದಿದ್ದರು. ಆಗ 24,678 ಮಂದಿ ತಮ್ಮ ರಿಟರ್ನ್‌ಗಳನ್ನು ಮತ್ತೆ ನೋಡಿಕೊಂಡರು, 5,483 ಮಂದಿ ತಡವಾಗಿಯಾದರೂ ರಿಟರ್ನ್ ಸಲ್ಲಿಸಿದರು. ಹೊರಬಿದ್ದ ವಿದೇಶಿ ಆಸ್ತಿಯ ಮೊತ್ತ 29,208 ಕೋಟಿ ರೂಪಾಯಿ.

ಇಷ್ಟು ದೊಡ್ಡ ಅಂಕಿ ಕೇಳಿದಾಗ ಇದು ಮಲಬಾರ್ ಹಿಲ್‌ನವರ ತಲೆನೋವು, ಮುಂಬ್ರಾದವರಿಗೆ ಇದರಲ್ಲೇನಿದೆ ಎನ್ನಿಸಬಹುದು. ಹಾಗಿಲ್ಲ. ಮುಂಬ್ರಾ, ಕೌಸಾದ ಕಟ್ಟಡಗಳಲ್ಲಿ ಗಲ್ಫ್‌ನಲ್ಲಿ ದುಡಿದು ಬಂದವರು, ಇನ್ನೂ ದುಡಿಯುತ್ತಿರುವವರು ಎಷ್ಟೋ ಮಂದಿ ಇದ್ದಾರೆ. ಭಟ್ಕಳ, ಕುಂದಾಪುರ, ಉಡುಪಿ ಕಡೆಯ ಕನ್ನಡ ಮನೆಗಳಿಗೂ ಈ ದಾರಿ ಹಳೆಯದು. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗುವ ತನಕ ಕರಾವಳಿಯವರಿಗೆ ಗಲ್ಫಿನ ಬಾಗಿಲು ಮುಂಬಯಿಯೇ ಆಗಿತ್ತು. ಅತ್ತ ಐರೋಲಿ, ಘನ್ಸೋಲಿಯ ಐಟಿ ಕಂಪೆನಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರಿಗೆ ಅಮೆರಿಕದ ಮಾತೃಸಂಸ್ಥೆಯ ಷೇರು ಬೋನಸ್ ರೂಪದಲ್ಲಿ ಸಿಗುತ್ತದೆ. ಡೊಂಬಿವಲಿ, ಕಲ್ಯಾಣದ ನಿವೃತ್ತರು ಮ್ಯೂಚುವಲ್ ಫಂಡ್ ಮಾರಿ ಮಗಳ ಮದುವೆ ಮಾಡುತ್ತಾರೆ. ಇವರೆಲ್ಲರಿಗೂ ಹಳೆಯ ಸರಳ ರಿಟರ್ನ್ ಸಾಲದು.

ಈಗ ರಿಟರ್ನ್ ಎಂದರೆ ತಂತ್ರಾಂಶ. ಅದು ಬಹಳಷ್ಟನ್ನು ತಾನೇ ತುಂಬಿಕೊಡುತ್ತದೆ. ಅದು ತುಂಬಿಕೊಟ್ಟದ್ದೇ ಪೂರ್ತಿ ಎಂದು ನಾವು ನಂಬುವಲ್ಲಿ ತೊಡಕು ಶುರುವಾಗುತ್ತದೆ.

ತಂತ್ರಾಂಶಕ್ಕೆ ಗೊತ್ತಿರುವುದು ಎಷ್ಟು

ಇಲಾಖೆಯ ಈಗಿನ ಇ-ಫೈಲಿಂಗ್ ಪೋರ್ಟಲ್ 2021ರ ಜೂನ್ 7ರಂದು ಶುರುವಾಯಿತು. ಕಟ್ಟಿದ್ದು ನಮ್ಮ ಬೆಂಗಳೂರಿನ ಇನ್ಫೋಸಿಸ್. ದೇಶದ ಯಾವ ಮೂಲೆಯಿಂದ ರಿಟರ್ನ್ ಹಾಕಿದರೂ ಅದನ್ನು ಸಂಸ್ಕರಿಸುವ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಪೋರ್ಟಲ್‌ನಲ್ಲಿ ನೇರವಾಗಿ ತುಂಬಬಹುದು, ಇಲ್ಲವೇ ಇಲಾಖೆಯೇ ಉಚಿತವಾಗಿ ಕೊಡುವ ಆಫ್‌ಲೈನ್ ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತುಂಬಿ ಆಮೇಲೆ ಏರಿಸಬಹುದು. ಖಾಸಗಿ ತಾಣಗಳೂ ಇವೆ. ಸಿಎಗಳ ಕಚೇರಿಯಲ್ಲಿ ಬಳಸುವ ತಂತ್ರಾಂಶ ಬೇರೆ, ಅವುಗಳಲ್ಲಿ ವಿನ್‌ಮನ್ ನಮ್ಮ ಮಂಗಳೂರಿನದ್ದು.

ಯಾವುದನ್ನೇ ಬಳಸಿದರೂ ಅದು ಮೊದಲು ಎಳೆದುಕೊಳ್ಳುವುದು ಇಲಾಖೆಯ ಬಳಿ ಇರುವ ಮಾಹಿತಿಯನ್ನು. ಸಂಬಳದ ಲೆಕ್ಕ ಮಾಲೀಕರಿಂದ, ಠೇವಣಿಯ ಬಡ್ಡಿ ಬ್ಯಾಂಕಿನಿಂದ, ಷೇರು ಮತ್ತು ಫಂಡ್ ಮಾರಾಟದ ವಿವರ ಡಿಪಾಸಿಟರಿ ಮತ್ತು ರಿಜಿಸ್ಟ್ರಾರ್‌ಗಳಿಂದ ಬಂದಿರುತ್ತದೆ. ಇವೆಲ್ಲ ಸೇರಿ 2021ರ ನವೆಂಬರಿನಿಂದ ವಾರ್ಷಿಕ ಮಾಹಿತಿ ಪಟ್ಟಿ, ಎಲ್ಲರೂ ಎಐಎಸ್ ಎನ್ನುವುದು, ನಮ್ಮ ಲಾಗಿನ್‌ನಲ್ಲೇ ಸಿಗುತ್ತದೆ.

ಭಾರತದ ಒಳಗಿನದ್ದಕ್ಕೆ ಈ ಪಟ್ಟಿ ಬಹುಪಾಲು ಸಾಕು. ದುಬೈಯಲ್ಲಿ ಸಂಬಳಕ್ಕೆಂದು ತೆರೆದು, ಊರಿಗೆ ಬಂದ ಮೇಲೂ ಮುಚ್ಚದೆ ಬಿಟ್ಟ ಖಾತೆಯನ್ನು ತಂತ್ರಾಂಶ ತಾನಾಗಿ ರಿಟರ್ನ್‌ಗೆ ತುಂಬುವುದಿಲ್ಲ. ಆದರೆ ಇಲಾಖೆಗೆ ಅದರ ಸುಳಿವು ಬೇರೆ ದಾರಿಯಿಂದ ಬರುತ್ತದೆ. ದೇಶಗಳ ನಡುವೆ ಖಾತೆಗಳ ಮಾಹಿತಿಯನ್ನು ತಾನಾಗಿ ಹಂಚಿಕೊಳ್ಳುವ ಒಪ್ಪಂದದಡಿ ಭಾರತಕ್ಕೆ 2017ರಿಂದ ವಿವರಗಳು ಬರುತ್ತಿವೆ. ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹರೈನ್ ಎಲ್ಲವೂ ಆ ವ್ಯವಸ್ಥೆಯಲ್ಲಿವೆ. ಅಮೆರಿಕದ ಜತೆ 2015ರಲ್ಲೇ ಬೇರೆ ಒಪ್ಪಂದವಾಗಿದೆ. ಹೀಗಾಗಿ ತಂತ್ರಾಂಶಕ್ಕೆ ಗೊತ್ತಿಲ್ಲದ್ದು ಇಲಾಖೆಗೆ ಗೊತ್ತಿರುತ್ತದೆ. ನಜ್ ಸಂದೇಶ ಹುಟ್ಟುವುದೇ ಈ ಎರಡರ ನಡುವಿನ ಅಂತರದಲ್ಲಿ.

ಮೊದಲು ತೀರ್ಮಾನವಾಗಬೇಕಾದ್ದು: ನೀವು ಯಾವ ನಿವಾಸಿ?

ರಿಟರ್ನ್‌ನ ಮೊದಲ ಪುಟದಲ್ಲೇ ನಿವಾಸಿ ಸ್ಥಿತಿ ಕೇಳುತ್ತಾರೆ. ಮೂರು ಆಯ್ಕೆಗಳಿವೆ: ನಿವಾಸಿ, ನಿವಾಸಿಯಾದರೂ ಸಾಮಾನ್ಯ ನಿವಾಸಿಯಲ್ಲದವರು, ಅನಿವಾಸಿ. ವಿದೇಶಿ ಆಸ್ತಿಗಳ ಪಟ್ಟಿಯಾದ ಶೆಡ್ಯೂಲ್ ಎಫ್‌ಎ ಕಡ್ಡಾಯವಾಗುವುದು ಮೊದಲನೆಯವರಿಗೆ ಮಾತ್ರ. ಇಲ್ಲಿ ತಪ್ಪು ಗುರುತು ಹಾಕಿದರೆ ಮುಂದಿನ ಪ್ರಶ್ನೆಗಳೇ ತಪ್ಪುತ್ತವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹದಿನೈದು ವರ್ಷ ಶಾರ್ಜಾದಲ್ಲಿದ್ದು, ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಗೆ ಬರುತ್ತಿದ್ದವರು 2023ರ ಜೂನ್‌ನಲ್ಲಿ ಮುಂಬ್ರಾಕ್ಕೆ ಮರಳಿದರು ಎನ್ನೋಣ. 2023-24ರಲ್ಲಿ ಅವರು 182 ದಿನಕ್ಕಿಂತ ಹೆಚ್ಚು ಭಾರತದಲ್ಲಿದ್ದುದರಿಂದ ನಿವಾಸಿಯೇ. ಆದರೆ ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಕನಿಷ್ಠ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ ಎರಡನೆಯ ಗುಂಪು, ಅಂದರೆ ಸಾಮಾನ್ಯ ನಿವಾಸಿಯಲ್ಲದವರು. 2024-25ಕ್ಕೂ ಈ ಲೆಕ್ಕ ಸರಿಹೊಂದುತ್ತದೆ. 2025-26ಕ್ಕೆ ಬರುವಾಗ ಒಂಬತ್ತು ಎಂಟಾಗುತ್ತದೆ. ಇನ್ನೊಂದು ನಿಯಮವೂ ಇದೆ: ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ ಕಳೆದ ದಿನಗಳು 729 ಅಥವಾ ಕಡಿಮೆ ಇದ್ದರೂ ಎರಡನೆಯ ಗುಂಪೇ. ಇವರದು ಅಷ್ಟು ಹೊತ್ತಿಗೆ ಆ ಗಡಿ ದಾಟಿರುತ್ತದೆ. ಹಾಗಾಗಿ 2025-26ರಿಂದ ಅವರು ಪೂರ್ತಿ ನಿವಾಸಿ, ಶಾರ್ಜಾದ ಖಾತೆ ತೋರಿಸಲೇಬೇಕು. 2019ರಲ್ಲೇ ಮರಳಿದವರಾದರೆ 2024-25ರ ರಿಟರ್ನ್‌ನಲ್ಲೇ ತೋರಿಸಬೇಕಿತ್ತು.

ಪಾಸ್‌ಪೋರ್ಟಿನ ಮೊಹರುಗಳನ್ನು ನೋಡಿ ದಿನ ಎಣಿಸುವ ಕೆಲಸವನ್ನು ಯಾವ ತಂತ್ರಾಂಶವೂ ಮಾಡಿಕೊಡುವುದಿಲ್ಲ. ಕಾಗದ ಪೆನ್ನು ಹಿಡಿದು ನಾವೇ ಕೂರಬೇಕು.

ಇಲ್ಲಿ ಎರಡು ಭ್ರಮೆಗಳನ್ನು ಬಿಡಬೇಕು. ಊರಿಗೆ ಬಂದ ಮೇಲೆ ಗಲ್ಫಿನ ಖಾತೆ ಇಟ್ಟುಕೊಳ್ಳುವುದೇ ತಪ್ಪು ಎಂದು ಹಲವರು ಹೆದರುತ್ತಾರೆ. ಹಾಗಿಲ್ಲ. ಹೊರದೇಶದಲ್ಲಿ ನೆಲಸಿದ್ದಾಗ ಗಳಿಸಿದ ಹಣ, ಆಸ್ತಿಯನ್ನು ಮರಳಿದ ಮೇಲೂ ಇಟ್ಟುಕೊಳ್ಳಲು ಫೆಮಾ ಕಾಯ್ದೆಯ 6(4)ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಇನ್ನೊಂದು, ಎನ್ಆರ್‌ಇ, ಎನ್ಆರ್‌ಒ ಖಾತೆಗಳೂ ವಿದೇಶಿ ಖಾತೆಗಳೆಂಬ ಗೊಂದಲ. ಅವು ಭಾರತದ ಬ್ಯಾಂಕುಗಳಲ್ಲೇ ಇರುವುದರಿಂದ ಶೆಡ್ಯೂಲ್ ಎಫ್‌ಎಗೆ ಬರುವುದಿಲ್ಲ. ಆದರೆ ಮರಳಿ ಬಂದು ನೆಲಸಿದ ಮೇಲೆ ಬ್ಯಾಂಕಿಗೆ ತಿಳಿಸಿ ಅವುಗಳನ್ನು ಬದಲಾಯಿಸಿಕೊಳ್ಳಬೇಕು. ಎನ್ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ ಎಂಬ ಸವಲತ್ತು ಹೊರಗೆ ನೆಲಸಿರುವ ತನಕ ಮಾತ್ರ.

ಮನೆಯಲ್ಲಿರುವ ಹೆಂಡತಿಯ ಹೆಸರು

ಮುಂಬ್ರಾದಂಥ ಕಡೆ ಗಮನಿಸಲೇಬೇಕಾದ ಸಂಗತಿ ಇದು. ಗಂಡ ಇನ್ನೂ ಗಲ್ಫಿನಲ್ಲಿದ್ದಾನೆ, ಅನಿವಾಸಿ. ಅವನಿಗೆ ಶೆಡ್ಯೂಲ್ ಎಫ್‌ಎ ಗೊಡವೆ ಇಲ್ಲ. ಆದರೆ ಅಲ್ಲಿನ ಖಾತೆಗೆ ಹೆಂಡತಿಯ ಹೆಸರನ್ನು ಜಂಟಿಯಾಗಿ ಸೇರಿಸಿದ್ದಾನೆ, ನಾಳೆ ಏನಾದರೂ ಆದರೆ ಇರಲಿ ಎಂದು. ಹೆಂಡತಿ ಇರುವುದು ಮುಂಬ್ರಾದಲ್ಲಿ, ಪೂರ್ತಿ ನಿವಾಸಿ. ವಿದೇಶಿ ಖಾತೆಯ ಒಡೆತನವಿದ್ದರೆ, ಕೇವಲ ಸಹಿ ಹಾಕುವ ಅಧಿಕಾರವಿದ್ದರೂ, ಆದಾಯ ತೆರಿಗೆ ಮಿತಿಯೊಳಗೇ ಇದ್ದರೂ ರಿಟರ್ನ್ ಸಲ್ಲಿಸಬೇಕೆಂದು ಕಾನೂನು ಹೇಳುತ್ತದೆ. ಸ್ವಂತ ಆದಾಯ ಒಂದು ರೂಪಾಯಿ ಇಲ್ಲದ ಗೃಹಿಣಿಯೂ ಹೀಗೆ ಐಟಿಆರ್-2 ತುಂಬಬೇಕಾಗುತ್ತದೆ. ತೆರಿಗೆ ಶೂನ್ಯ. ತಿಳಿಸುವ ಕೆಲಸ ಮಾತ್ರ ಅವಳದು.

ಅಂಗಡಿಯಲ್ಲಿ ಕೂತು ಐದು ನಿಮಿಷದಲ್ಲಿ ರಿಟರ್ನ್ ಹಾಕಿಕೊಡುವವರು ಸಾಮಾನ್ಯವಾಗಿ ತೆರೆಯುವುದು ಐಟಿಆರ್-1. ವಿದೇಶಿ ಖಾತೆ ಇರುವವರು ಐಟಿಆರ್-1 ಅಥವಾ ಐಟಿಆರ್-4 ಬಳಸುವಂತೆಯೇ ಇಲ್ಲ. ಆ ನಮೂನೆಗಳಲ್ಲಿ ಶೆಡ್ಯೂಲ್ ಎಫ್‌ಎ ಇರುವುದೂ ಇಲ್ಲ. ವ್ಯಾಪಾರ ಇಲ್ಲದವರಿಗೆ ಐಟಿಆರ್-2, ಇದ್ದವರಿಗೆ ಐಟಿಆರ್-3.

ಖಾತೆ ತುಂಬುವ ಬಗೆ

ಶೆಡ್ಯೂಲ್ ಎಫ್‌ಎ ತೆರೆದರೆ ಹಲವು ಕೋಷ್ಟಕಗಳು ಕಾಣುತ್ತವೆ. ಬ್ಯಾಂಕ್ ಖಾತೆ ಎ1ರಲ್ಲಿ, ಷೇರು ದಲ್ಲಾಳಿಯ ಬಳಿಯ ಖಾತೆ ಎ2ರಲ್ಲಿ, ವಿದೇಶಿ ಷೇರುಗಳು ಎ3ರಲ್ಲಿ, ಸ್ಥಿರಾಸ್ತಿ ಸಿಯಲ್ಲಿ, ಬೇರೆಲ್ಲೂ ತೋರಿಸದ ಖಾತೆಗೆ ಸಹಿ ಅಧಿಕಾರ ಮಾತ್ರ ಇದ್ದರೆ ಇಯಲ್ಲಿ.

ಎ1ಕ್ಕೆ ಬೇಕಾದದ್ದು ದೇಶ, ಬ್ಯಾಂಕಿನ ಹೆಸರು ವಿಳಾಸ, ಖಾತೆ ಸಂಖ್ಯೆ, ತೆರೆದ ದಿನಾಂಕ, ವರ್ಷದಲ್ಲಿ ಯಾವುದೇ ದಿನ ಇದ್ದ ಅತಿ ಹೆಚ್ಚಿನ ಮೊತ್ತ, ವರ್ಷದ ಕೊನೆಯ ಮೊತ್ತ, ಬಂದ ಬಡ್ಡಿ. ಎಡವುವುದು ‘ವರ್ಷ’ ಎಂಬ ಪದದಲ್ಲಿ. ಆದಾಯಕ್ಕೆ ಏಪ್ರಿಲ್‌ನಿಂದ ಮಾರ್ಚ್. ಶೆಡ್ಯೂಲ್ ಎಫ್‌ಎಗೆ ಜನವರಿಯಿಂದ ಡಿಸೆಂಬರ್. 2025-26ರ ಅಸೆಸ್‌ಮೆಂಟ್ ವರ್ಷದ ರಿಟರ್ನ್‌ನಲ್ಲಿ ಆದಾಯ 2024ರ ಏಪ್ರಿಲ್‌ನಿಂದ 2025ರ ಮಾರ್ಚ್ ತನಕದ್ದು, ವಿದೇಶಿ ಖಾತೆಯ ವಿವರ 2024ರ ಜನವರಿ 1ರಿಂದ ಡಿಸೆಂಬರ್ 31ರ ತನಕದ್ದು. 2024ರ ಫೆಬ್ರವರಿಯಲ್ಲೇ ಖಾತೆ ಮುಚ್ಚಿದ್ದರೂ ಆ ವರ್ಷ ಅದು ಇತ್ತಲ್ಲ, ತೋರಿಸಬೇಕು.

ಮೊತ್ತ ರೂಪಾಯಿಯಲ್ಲಿರಬೇಕು. ಗೂಗಲ್‌ನಲ್ಲಿ ಕಂಡ ದರವಲ್ಲ, ಸ್ಟೇಟ್ ಬ್ಯಾಂಕಿನ ಟಿಟಿ ಖರೀದಿ ದರ. ಅತಿ ಹೆಚ್ಚಿನ ಮೊತ್ತಕ್ಕೆ ಆ ಮೊತ್ತ ಇದ್ದ ದಿನದ ದರ, ಕೊನೆಯ ಮೊತ್ತಕ್ಕೆ ಡಿಸೆಂಬರ್ 31ರ ದರ. ಗ್ರ್ಯಾಚ್ಯುಟಿ ಬಂದ ದಿನ ಖಾತೆಯಲ್ಲಿ 40,000 ದಿರ್ಹಮ್ ಇತ್ತು, ವರ್ಷದ ಕೊನೆಗೆ 1,200 ಉಳಿಯಿತು ಎನ್ನೋಣ. ಲೆಕ್ಕಕ್ಕೆ ದರ 23 ರೂಪಾಯಿ ಎಂದಿಟ್ಟುಕೊಂಡರೆ ಗರಿಷ್ಠ 9,20,000, ಕೊನೆಯದ್ದು 27,600. ಎರಡನ್ನೂ ಬರೆಯಬೇಕು. 27,600 ಮಾತ್ರ ಬರೆದರೆ ಅರ್ಧ ಹೇಳಿದಂತೆ. ಪೂರ್ತಿ ನಿವಾಸಿಗೆ ಆ ಖಾತೆಯಲ್ಲಿ ಬಡ್ಡಿ ಬಂದಿದ್ದರೆ ಅದು ಇಲ್ಲಿಯ ಆದಾಯವೂ ಹೌದು. ವಿದೇಶಿ ಆದಾಯದ ಶೆಡ್ಯೂಲ್ ಎಫ್‌ಎಸ್‌ಐಯಲ್ಲಿ ಬೇರೆಯಾಗಿ ತೋರಿಸಿ ತೆರಿಗೆ ಕಟ್ಟಬೇಕು.

ಮಾರಿದ ಹೂಡಿಕೆ: ಬಿಟ್ಟ ಒಂದು ಕಾಲಂನ ಬೆಲೆ

ಷೇರು, ಫಂಡ್ ಮಾರಾಟದ ವಿಷಯದಲ್ಲಿ ತಂತ್ರಾಂಶದ ಬಳಿ ಮಾಹಿತಿ ಇದೆ, ಆದರೆ ಅರ್ಧಂಬರ್ಧ. ಎಐಎಸ್‌ನಲ್ಲಿ ಮಾರಿದ ಬೆಲೆ ಇರುತ್ತದೆ. ಕೊಂಡ ಬೆಲೆ ಇಲ್ಲದಿರಬಹುದು ಅಥವಾ ಬರೀ ಅಂದಾಜಾಗಿರಬಹುದು. ಅದಕ್ಕಾಗಿ ದಲ್ಲಾಳಿಯ ತೆರಿಗೆ ವರದಿ, ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಕೊಡುವ ಬಂಡವಾಳ ಲಾಭದ ಪಟ್ಟಿ ಇಳಿಸಿಕೊಂಡು ಎದುರಿಗಿಟ್ಟುಕೊಳ್ಳಬೇಕು.

2024-25ರ ಲೆಕ್ಕದಲ್ಲಿ ಇನ್ನೊಂದು ತಿರುವು ಇದೆ. 2024ರ ಜುಲೈ 23ರಂದು ದರಗಳು ಬದಲಾದವು. ಲಿಸ್ಟ್ ಆದ ಷೇರು ಮತ್ತು ಈಕ್ವಿಟಿ ಫಂಡ್‌ಗಳನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟು ಮಾರಿದರೆ ಮೊದಲು ಶೇ. 10, ಈಗ ಶೇ. 12.5. ಅದಕ್ಕೆ ಮುಂಚೆ ಮಾರಿದರೆ ಮೊದಲು ಶೇ. 15, ಈಗ ಶೇ. 20. ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದ ತನಕ ತೆರಿಗೆ ಇಲ್ಲ. ಹಾಗಾಗಿ ಮಾರಾಟಗಳನ್ನು ಜುಲೈ 23ರ ಹಿಂದು ಮುಂದು ಎಂದು ಬೇರ್ಪಡಿಸಿ ತುಂಬಬೇಕು. ಎಸ್‌ಐಪಿಯ ಪ್ರತಿ ಕಂತಿಗೂ ತನ್ನದೇ 12 ತಿಂಗಳ ಲೆಕ್ಕ. 2023ರ ಏಪ್ರಿಲ್ 1ರ ನಂತರ ಕೊಂಡ ಸಾಲಪತ್ರ ಫಂಡ್‌ಗಳ ಲಾಭಕ್ಕೆ ಎಷ್ಟು ಕಾಲ ಇಟ್ಟರೂ ಸ್ಲ್ಯಾಬ್ ದರವೇ.

ಹಳೆಯ ಷೇರುಗಳವರು 2018ರ ಜನವರಿ 31ರ ಬೆಲೆಯನ್ನು ಮರೆಯಬಾರದು. 2005ರಲ್ಲಿ 20,000 ರೂಪಾಯಿಗೆ ಕೊಂಡ ಷೇರಿಗೆ ಆ ದಿನ 1,40,000 ಬೆಲೆ ಇತ್ತು, 2024ರ ಡಿಸೆಂಬರ್‌ನಲ್ಲಿ 2,60,000ಕ್ಕೆ ಮಾರಿದರು ಎನ್ನೋಣ. ಆ ದಿನದ ಬೆಲೆಯನ್ನೇ ಕೊಂಡ ಬೆಲೆಯಾಗಿ ಹಿಡಿಯಲು ಕಾನೂನು ಬಿಡುತ್ತದೆ. ಲಾಭ 1,20,000, ತೆರಿಗೆ ಏನೂ ಇಲ್ಲ. ಆ ಕಾಲಂ ಖಾಲಿ ಬಿಟ್ಟರೆ ಲಾಭ 2,40,000 ಆಗುತ್ತದೆ. ಬೇರೆ ಆದಾಯ ಮೂಲ ವಿನಾಯಿತಿಯನ್ನು ಮೀರಿದವರಾದರೆ 1,15,000ಕ್ಕೆ ಶೇ. 12.5, ಅಂದರೆ 14,375 ರೂಪಾಯಿ, ಮೇಲೆ ಸೆಸ್. ನಿವೃತ್ತರ ಮನೆಯಲ್ಲಿ ಅದು ತಿಂಗಳ ದಿನಸಿ, ಔಷಧಿ ಎರಡರ ದುಡ್ಡು.

ಐರೋಲಿಯ ಐಟಿ ಉದ್ಯೋಗಿಗೆ ಈ ಎರಡೂ ಭಾಗ ಒಟ್ಟಿಗೇ ಬರುತ್ತವೆ. ಕಂಪೆನಿಯ ಷೇರು ಕೈಗೆ ಬಂದ ದಿನದ ಬೆಲೆ ಸಂಬಳಕ್ಕೆ ಸೇರಿ ತೆರಿಗೆ ಕಡಿತವಾಗಿರುತ್ತದೆ. ಫಾರ್ಮ್ 16ರಲ್ಲಿ ಅದು ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೈಯಲ್ಲಿರುವ ಷೇರನ್ನು ಎ3ರಲ್ಲಿ ತೋರಿಸಬೇಕು. ಮಾರಿದರೆ, ಕೈಗೆ ಬಂದ ದಿನದ ಬೆಲೆಯನ್ನು ಖರೀದಿ ಬೆಲೆಯಾಗಿಟ್ಟು ಲಾಭ ಲೆಕ್ಕ ಹಾಕಬೇಕು. ಅಮೆರಿಕದ ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿದ್ದರೂ ನಮ್ಮ ಕಾನೂನಿಗೆ ಅದು ಲಿಸ್ಟ್ ಆಗದ ಷೇರು, ದೀರ್ಘಾವಧಿ ಎನಿಸಲು 24 ತಿಂಗಳು ಬೇಕು, 1.25 ಲಕ್ಷದ ವಿನಾಯಿತಿಯೂ ಇಲ್ಲ. ಡಿವಿಡೆಂಡಿನಲ್ಲಿ ಅಲ್ಲಿ ಶೇ. 25 ಹಿಡಿದಿದ್ದರೆ ಅದರ ಜಮೆ ಪಡೆಯಲು ಫಾರ್ಮ್ 67 ಬೇರೆಯಾಗಿ ಸಲ್ಲಿಸಬೇಕು.

ತೆರಿಗೆ ಇಲ್ಲದಿದ್ದರೂ ದಂಡ ಏಕೆ?

ಕಪ್ಪುಹಣ ಕಾಯ್ದೆ 2015ರ ಜುಲೈ 1ರಿಂದ ಜಾರಿಯಲ್ಲಿದೆ. ವಿದೇಶಿ ಆಸ್ತಿಯನ್ನು ರಿಟರ್ನ್‌ನಲ್ಲಿ ತಿಳಿಸದಿದ್ದರೆ ಅದರಡಿ ವರ್ಷವೊಂದಕ್ಕೆ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಹಣ ಕಪ್ಪೋ ಬಿಳಿಯೋ ಎಂಬುದು ಇಲ್ಲಿ ಮುಖ್ಯವಲ್ಲ. 2023ರಲ್ಲಿ ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಬಂದ ಪ್ರಕರಣದಲ್ಲಿ ಹೂಡಿಕೆಯ ಹಣದ ಮೂಲಕ್ಕೆ ವಿವರಣೆ ಇತ್ತು. ಆದರೂ ಶೆಡ್ಯೂಲ್ ಎಫ್‌ಎಯಲ್ಲಿ ಬರೆಯದ್ದಕ್ಕೆ ದಂಡ ಎತ್ತಿಹಿಡಿಯಲಾಯಿತು. 2022ರ ಇನ್ನೊಂದು ಪ್ರಕರಣದಲ್ಲಿ ಅದೇ ಮಂಡಳಿ ಪ್ರಾಮಾಣಿಕ ತಪ್ಪಿಗೆ ದಂಡ ಬೇಡ ಎಂದಿದ್ದೂ ಇದೆ. ಆ ದಯೆಗಾಗಿ ವರ್ಷಗಟ್ಟಲೆ ಕಾಯುವುದಕ್ಕಿಂತ ನಾಲ್ಕು ಸಾಲು ತುಂಬುವುದು ಸುಲಭ.

ಸಣ್ಣವರಿಗೆ ಸ್ವಲ್ಪ ಸಮಾಧಾನವೂ ಸಿಕ್ಕಿದೆ. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ಈ 10 ಲಕ್ಷದ ದಂಡ ಬೀಳದು. ಮೊದಲು ಈ ರಿಯಾಯಿತಿ ಬ್ಯಾಂಕ್ ಖಾತೆಗಳಿಗೆ ಮಾತ್ರ, 5 ಲಕ್ಷದ ತನಕ ಇತ್ತು. ಆದರೆ ಇದು ದಂಡದಿಂದ ಬಿಡುಗಡೆಯೇ ಹೊರತು ತಿಳಿಸುವ ಹೊಣೆಯಿಂದಲ್ಲ. ಅಜ್ಮಾನ್‌ನಲ್ಲೊಂದು ಸಣ್ಣ ಫ್ಲ್ಯಾಟ್ ಇದ್ದರಂತೂ ಈ ಮಿತಿ ಅನ್ವಯಿಸುವುದೇ ಇಲ್ಲ.

ಅಮೆರಿಕದಲ್ಲಿರುವ ಮಕ್ಕಳಿಗೂ ಇದೇ ಕತೆ, ತಿರುಗಿಸಿಟ್ಟ ಕನ್ನಡಿಯಂತೆ. ಅವರಿಗೆ ನಮ್ಮ ಡೊಂಬಿವಲಿಯ ಸಹಕಾರಿ ಬ್ಯಾಂಕಿನ ಖಾತೆಯೇ ವಿದೇಶಿ ಖಾತೆ. ಅಮ್ಮನ ಜತೆ ಜಂಟಿ ಹೆಸರಿದ್ದರೂ ಸರಿ, ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದರೆ ‘ಎಫ್‌ಬಾರ್’ ಎಂಬ ವರದಿ ಕೊಡಬೇಕು. ಅದು ಅಲ್ಲಿಯ ತೆರಿಗೆ ರಿಟರ್ನ್‌ನ ಭಾಗವಲ್ಲ, ಬೇರೆಯೇ ಸರ್ಕಾರಿ ತಾಣದಲ್ಲಿ ಸಲ್ಲಬೇಕು. ತೆರಿಗೆ ತಂತ್ರಾಂಶದಲ್ಲಿ ರಿಟರ್ನ್ ಮುಗಿಸಿದವರು ಅದೂ ಮುಗಿಯಿತೆಂದುಕೊಳ್ಳುವುದು ಅಲ್ಲಿಯೂ ಉಂಟು. ಮಗನ ಹೆಸರು ಸೇರಿಸಿ ಠೇವಣಿ ಇಟ್ಟ ಹಿರಿಯರು ಅವನಿಗೆ ಒಂದು ಮಾತು ಹೇಳಿಡುವುದು ಒಳ್ಳೆಯದು.

ಡಿಸೆಂಬರ್ 31ರೊಳಗೆ

ಇಲಾಖೆಯ ಸಂದೇಶ ಬಾರದಿದ್ದರೆ ನಿಶ್ಚಿಂತೆ ಎಂದಲ್ಲ. ಮೊದಲು ಪೋರ್ಟಲ್‌ಗೆ ಲಾಗಿನ್ ಆಗಿ ನೋಂದಾಯಿಸಿದ ಮೊಬೈಲ್, ಈಮೇಲ್ ಯಾರದೆಂದು ನೋಡಿ. ರಿಟರ್ನ್ ಹಾಕಿಕೊಟ್ಟವರು ತಮ್ಮದೇ ಸಂಖ್ಯೆ ಹಾಕಿದ್ದರೆ ಸಂದೇಶ ಅವರಿಗೆ ಹೋಗುತ್ತದೆ, ನಿಮಗಲ್ಲ. ಸಂಖ್ಯೆಯನ್ನು ನಿಮ್ಮದಕ್ಕೆ ಬದಲಿಸಿಕೊಳ್ಳಿ, ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ.

ಆಮೇಲೆ ಸಲ್ಲಿಸಿದ ರಿಟರ್ನ್‌ನ ಪಿಡಿಎಫ್ ಇಳಿಸಿಕೊಳ್ಳಿ. ಯಾವ ನಮೂನೆ, ನಿವಾಸಿ ಸ್ಥಿತಿ ಏನೆಂದು ಬರೆದಿದೆ, ಭಾರತದ ಹೊರಗೆ ಖಾತೆ ಅಥವಾ ಆಸ್ತಿ ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರವಾಗಿದೆಯೇ ನೋಡಿ. ತಪ್ಪಿದ್ದರೆ ಪರಿಷ್ಕೃತ ರಿಟರ್ನ್ ಸಲ್ಲಿಸಿ, ಐಟಿಆರ್-1 ಹಾಕಿದ್ದವರು ಐಟಿಆರ್-2ಕ್ಕೆ ಬದಲಿಸಬಹುದು. 2025-26ರ ಅಸೆಸ್‌ಮೆಂಟ್ ವರ್ಷಕ್ಕೆ ರಿಟರ್ನ್ ಹಾಕದೇ ಇದ್ದವರಿಗೆ ತಡವಾದ ರಿಟರ್ನ್‌ಗೂ 2025ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಆದರೆ ತಡವಾದ ರಿಟರ್ನ್‌ನಲ್ಲಿ ಷೇರು ಮಾರಾಟದ ನಷ್ಟವನ್ನು ಮುಂದಿನ ಎಂಟು ವರ್ಷಗಳಿಗೆ ಒಯ್ಯುವ ಅವಕಾಶ ಹೋಗುತ್ತದೆ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕ ದೃಢೀಕರಿಸದಿದ್ದರೆ ಪಟ್ಟ ಶ್ರಮ ವ್ಯರ್ಥವಾದೀತು. ಹಿಂದಿನ ವರ್ಷಗಳಲ್ಲೂ ಖಾತೆ ಬಿಟ್ಟುಹೋಗಿದ್ದರೆ, ಅದನ್ನು ತಂತ್ರಾಂಶದ ಮುಂದೆ ಒಬ್ಬರೇ ಕೂತು ಬಗೆಹರಿಸಲು ಹೋಗದೆ ವಿದೇಶಿ ಆಸ್ತಿಯ ವಿಷಯ ತಿಳಿದ ಸಿಎ ಒಬ್ಬರನ್ನು ಕಾಣುವುದು ಲೇಸು.

ನಮ್ಮ ಸಂಘಗಳು ಕಣ್ಣಿನ ತಪಾಸಣೆ, ರಕ್ತದಾನ ಶಿಬಿರ ಮಾಡುತ್ತವೆ. ಡಿಸೆಂಬರ್‌ನ ಒಂದು ಭಾನುವಾರ ಸಮುದಾಯದ ಸಿಎಗಳನ್ನು ಕರೆದು, ಎರಡು ಲ್ಯಾಪ್‌ಟಾಪ್ ಇಟ್ಟು ಇದಕ್ಕೂ ಒಂದು ಶಿಬಿರ ಮಾಡಬಹುದು. ಬರುವವರು ಪಾಸ್‌ಪೋರ್ಟ್, ಹಳೆಯ ಖಾತೆಯ ಸ್ಟೇಟ್‌ಮೆಂಟ್, ಸಲ್ಲಿಸಿದ ರಿಟರ್ನ್‌ನ ಪ್ರತಿ ತಂದರೆ ಸಾಕು. ಬೆವರು ಸುರಿಸಿ ಗಳಿಸಿದ ದುಡ್ಡು, ಮುಚ್ಚಿಡುವಂಥದ್ದೇನೂ ಅದರಲ್ಲಿಲ್ಲ. ಇರುವುದನ್ನು ಇದೆ ಎಂದು ಬರೆದರಾಯಿತು.